ಬೂದು ಬಣ್ಣದ ಹೌದು

ಮೇ ತಿಂಗಳು ಬಂದರೂ ಲಿಯೆಪಾಯದ ಕಿಟಕಿಗೆ
ಸಮುದ್ರದ ಉಪ್ಪು ಅಂಟಿಯೇ ಇತ್ತು.
ಬ್ಯಾಂಕಿನವರು ಹಂಚಿದ ಎಚ್ಚರಿಕೆಯ ಕರಪತ್ರವನ್ನು
ಕನ್ನಡಕ ಏರಿಸಿ ಎರಡು ಸಲ ಓದಿದೆ:
ದಿನದ ಕೆಲಸಕ್ಕೆಲ್ಲ ಅಡ್ಮಿನ್ ಆಗಿ ಕೂರಬೇಡಿ,
ಸಾಮಾನ್ಯ ಬಳಕೆದಾರರಾಗಿರಿ, ಕಳ್ಳರ ಕಾಟ ಕಡಿಮೆ.

ಸರಿ ಅನ್ನಿಸಿತು. ಟ್ರಾಮ್ ಡಿಪೋದ ಉಗ್ರಾಣದಲ್ಲಿ
ಮೂವತ್ತೊಂದು ವರ್ಷ ಲೆಕ್ಕ ಬರೆದವನು,
ಹೇಳಿದ ಮಾತು ಕೇಳಿ ಅಭ್ಯಾಸ.
ನನ್ನ ಹೆಸರಿನ ಮುಂದೆ
'ಸಾಮಾನ್ಯ' ಎಂಬಲ್ಲಿ ಚುಕ್ಕೆ ಇಟ್ಟೆ. ಉಳಿಸು ಎಂದೆ.
ಯಾರೂ ತಡೆಯಲಿಲ್ಲ.

ಗುರುವಾರ ಹೊಸ ಪ್ರಿಂಟರ್ ಕೂರಿಸಹೋದರೆ
ಪರದೆ ಮಂಕಾಗಿ ಚೌಕವೊಂದು ಎದ್ದು ನಿಂತಿತು:
ಮುಂದುವರಿಯಲು ಅಡ್ಮಿನ್ ಪಾಸ್‌ವರ್ಡ್ ಕೊಡಿ.
ಕೊಡಲು ಜಾಗವೇ ಇಲ್ಲ.
ಯಾರ ಹೆಸರೂ ಇಲ್ಲ, ಬರೆಯಲು ಗೆರೆಯೂ ಇಲ್ಲ.
ಕೆಳಗೆ ಎರಡು ಗುಂಡಿ. ನಮ್ಮ ಮಾತಿನಲ್ಲಿ ಹೌದು ಅಂದರೆ 'ಯಾ',
ಒಂದು ಉಸಿರಿನಷ್ಟು. ಅದಕ್ಕೂ ಬೂದಿ ಮೆತ್ತಿತ್ತು.
ಒತ್ತಿದರೆ ಸತ್ತ ಹಲ್ಲು ಒತ್ತಿದ ಹಾಗೆ.
'ನೆ' ಮಾತ್ರ ಫಳಫಳ.
ಇಲ್ಲ ಎನ್ನಲು ನನಗೆ ಪೂರ್ತಿ ಅಧಿಕಾರ.

ಸ್ಕೈದ್ರಿತೆ ಸಸಿಯ ತಟ್ಟೆ ಹಿಡಿದು ಹಿಂದೆ ಬಂದು ನಿಂತಳು.
ಶನಿವಾರ ಸಂತೆ, ಟೊಮೇಟೊ ಸಸಿ ನೂರನಲವತ್ತು,
ಪ್ರತಿ ಲೋಟಕ್ಕೂ ಹೆಸರಿನ ಚೀಟಿ ಬೇಕು.
'ಯಾರ ಪಾಸ್‌ವರ್ಡ್ ಕೇಳುತ್ತಿದೆ?'
'ಅಡ್ಮಿನ್‌ದು.'
'ಅದು ನೀನೇ ಅಲ್ಲವಾ?'
'ಮಂಗಳವಾರದ ತನಕ.'
'ಇನ್ನೊಬ್ಬನಿಗೆ ಪಟ್ಟ ಕಟ್ಟದೆ ಇಳಿದುಬಿಡುವ ರಾಜನನ್ನು
ಇವತ್ತೇ ನೋಡಿದ್ದು, ಇಲ್ಗ್ವಾರ್ಸ್.'

ಎಂಬತ್ಮೂರರಲ್ಲಿ ಡಿಪೋದ ಮುಖ್ಯಸ್ಥ
ಕೆಮ್ಮಿಗೆಂದು ಆರೋಗ್ಯಧಾಮಕ್ಕೆ ಹೋದಾಗ
ಬೀರುವಿನ ಕೀಲಿ ಅವನ ಕೋಟಿನ ಜೇಬಿನಲ್ಲೇ ಹೋಯಿತು.
ಒಂದು ಸ್ಪ್ಯಾನರ್‌ಗಾಗಿ ಹತ್ತೊಂಬತ್ತು ದಿನ ಕಾದೆವು.
ಷೆಡ್ಡಿನಲ್ಲೇ ನಿಂತ ಬೋಗಿಯ ಸೀಟಿನ ಮೇಲೆ
ಬೆಕ್ಕು ಮರಿ ಹಾಕಿತು.
ಆದರೂ ಆಗ ಬಯ್ಯಲು ಒಬ್ಬನಿದ್ದ,
ಎಲ್ಲೋ ಪೈನ್ ಮರಗಳ ನಡುವೆ ಕೆಮ್ಮುತ್ತಿದ್ದ.
ಇಲ್ಲಿ ಕೇಳುವವನೂ ನಾನೇ, ಕೊಡಬೇಕಾದವನೂ ನಾನೇ,
ಇಬ್ಬರ ನಡುವೆ ಬಾಗಿಲು.

ಮೇಲಿನ ಮನೆಯ ದಾರ್ತಾ, ವೆಲ್ಡಿಂಗ್ ಕಲಿಯುವ ಹುಡುಗಿ,
ಮೆಟ್ಟಿಲಲ್ಲಿ ಒಂದೇ ಕಿವಿ ಬಿಚ್ಚಿ ಹೇಳಿದಳು:
'ಸೇಫ್ ಮೋಡ್‌ಗೆ ಹೋಗಿ ತಾತ.
ಅದು ಏಳುವಾಗಲೇ ಎಫ್ ಎಂಟು ಒತ್ತುತ್ತಾ ಇರಿ.'

ರಾತ್ರಿ ಹನ್ನೊಂದೂವರೆ. ಎಫ್ ಎಂಟು, ಎಫ್ ಎಂಟು,
ಮರಕುಟಿಗನ ಹಾಗೆ.
ಕಪ್ಪು ಪರದೆ. ನಾಲ್ಕು ಮೂಲೆಗೂ
ಸೇಫ್ ಮೋಡ್ ಎಂದು ಮೊಳೆ ಹೊಡೆದಿತ್ತು.
ನನ್ನ ಹೆಸರಿನ ಪಕ್ಕದಲ್ಲಿ
ಒಂಬತ್ತು ವರ್ಷದಲ್ಲಿ ಒಮ್ಮೆಯೂ ಕಾಣದ ಇನ್ನೊಬ್ಬ:
ಅಡ್ಮಿನಿಸ್ಟ್ರೇಟರ್.
ಪಾಸ್‌ವರ್ಡ್ ಕೇಳಲಿಲ್ಲ. ದೂಡಿದೆ, ತೆರೆಯಿತು.

ಒಳಗೆ ಏನೂ ಇರಲಿಲ್ಲ.
ಚಿತ್ರವಿಲ್ಲ, ಮೊಮ್ಮಗನ ಆಟವಿಲ್ಲ, ಒಂದು ಕಾಗದವಿಲ್ಲ.
ಈ ಮನೆಯ ಯಜಮಾನ ಒಂದು ದಿನವೂ
ಇಲ್ಲಿ ಮಲಗಿ ಎದ್ದವನಲ್ಲ,
ಹೊರಡುವಾಗ ಕದಕ್ಕೆ ಬೀಗವನ್ನೂ ಹಾಕಿದವನಲ್ಲ.
ಇಡೀ ದಿನ ನಾನು ಅಂಜಿದ್ದು ಇವನಿಗೆ.
ಯಾಕೋ ಟೋಪಿ ತೆಗೆದೆ.
ನನ್ನ ಹೆಸರು ಹುಡುಕಿ, ಆ ಚುಕ್ಕೆಯನ್ನು ಎತ್ತಿ
ಹಳೆಯ ಜಾಗಕ್ಕಿಟ್ಟೆ. ಅಷ್ಟೇ. ಒಂದು ಚುಕ್ಕೆ.

ಶುಕ್ರವಾರ ಬೆಳಿಗ್ಗೆ ಚೌಕ ಮತ್ತೆ ಎದ್ದಿತು.
'ಯಾ' ಕಪ್ಪಗೆ, ಗಟ್ಟಿಯಾಗಿ ಕೂತಿತ್ತು. ತಕ್ಷಣ ಒತ್ತಲಿಲ್ಲ.
ಕಾಫಿ ತಂದೆ, ಎರಡು ಗುಟುಕು ಕುಡಿದು ಒತ್ತಿದೆ.
ಪ್ರಿಂಟರ್ ಕೆಮ್ಮಿತು.
ಎತ್ತಿನ ಹೃದಯ, ಕಪ್ಪು ರಾಜಕುಮಾರ, ಮತ್ತೆ ಎತ್ತಿನ ಹೃದಯ,
ಹಾಳೆ ತುಂಬ ಸಸಿಗಳ ಹೆಸರು.

ಸ್ಕೈದ್ರಿತೆ ಕತ್ತರಿ ಆಡಿಸುತ್ತಾ ತಲೆ ಎತ್ತದೆ ಹೇಳಿದಳು:
'ನನ್ನನ್ನೂ ಅದರಲ್ಲಿ ಸೇರಿಸು. ಅಡ್ಮಿನ್ ಅಂತ.'
'ನೀನು ಕಂಪ್ಯೂಟರ್ ಮುಟ್ಟುವುದೇ ಇಲ್ಲವಲ್ಲ.'
'ಮುಟ್ಟುವುದೂ ಇಲ್ಲ. ಜೇಬು ಒಂದೇ ಇರಬಾರದು.'

ಪಾಸ್‌ವರ್ಡ್ ಹಾಕುವಾಗ ಗೋಡೆ ನೋಡು ಎಂದಳು.
ನೋಡಿದೆ. ಎಂಟು ಸಲ ಟಕ್ ಎಂದದ್ದು ಎಣಿಸಿದೆ.
ಒಂಬತ್ತನೆಯದು ಬಹಳ ಹೊತ್ತು ತಡೆದು ಬಂತು.